ಬ್ಲಾಗ್ ಓದೋಕೆ ನಮ್ಮದೇ ಒಂದು ರೀಡರ್ ಇರ್ಲಿ

ಸಂಪಾದಕರಿಗೆ ನಮಸ್ಕಾರ,

ಬ್ಲಾಗ್ ಕಾಲ ಮುಗೀತು, ಈಗ ಯಾರ್ ಬರೀತಾರೆ ಅನ್ನೋ ಮಾತು ಕೇಳಿ ಕೇಳಿ ಬೇಜಾರಾಗಿ ಈ ಪತ್ರ ಬರೀತಿದೀನಿ. ಬರೆಯೋರು ಬರೀತಾನೇ ಇದಾರೆ ಸಾರ್, ನಮಗೆ ಗೊತ್ತಾಗ್ತಿಲ್ಲ ಅಷ್ಟೇ, ಯಾಕಂದ್ರೆ ಸೋಶಿಯಲ್ ಮೀಡಿಯಾ ಏನ್ ತೋರ್ಸುತ್ತೋ ಅಷ್ಟನ್ನೇ ಓದೋದು ರೂಢಿ ಆಗೋಗಿದೆ, ಅದಕ್ಕೋ ಉದ್ದದ ಬರಹ ಅಂದ್ರೆ ಆಗಲ್ಲ, ಹೊರಗಡೆ ಲಿಂಕ್ ಅಂದ್ರೂ ಆಗಲ್ಲ.

ಇದಕ್ಕೆ ದಾರಿ ಆರ್‌ಎಸ್‌ಎಸ್ ಫೀಡ್ (ಸಂಘ ಅಲ್ಲ, ಬ್ಲಾಗಲ್ಲಿ ಹೊಸದೇನು ಬಂತು ಅಂತ ತಿಳಿಸೋ ಪಟ್ಟಿ), ಅದು 1999ರಿಂದ ಇದೆ. ಬ್ಲಾಗಲ್ಲಿ ಹೊಸ ಪೋಸ್ಟ್ ಹಾಕಿದ್ರೆ ಅದರ ತಲೆಬರಹ, ತಾರೀಖು, ಲಿಂಕು ಎಲ್ಲಾ ಎಕ್ಸ್‌ಎಂಎಲ್ ಅನ್ನೋ, ಸಾಫ್ಟ್‌ವೇರ್ ಓದೋ ಥರದ ಒಂದು ಫೈಲಲ್ಲಿ ಬಂದು ಕೂರುತ್ತೆ, ರೀಡರ್, ಅಂದ್ರೆ ಎಲ್ಲಾ ಫೀಡ್‌ಗಳನ್ನ ಒಂದೇ ಕಡೆ ತೋರ್ಸೋ ಸಾಫ್ಟ್‌ವೇರು, ಆಗಾಗ ಹೋಗಿ ಆ ಫೈಲ್ ನೋಡ್ಕೊಂಡು ಬರುತ್ತೆ. ಗೂಗಲ್ ರೀಡರ್ 2013ರ ಜುಲೈ 1ಕ್ಕೆ ಮುಚ್ಚಿದ ಮೇಲೆ ಎಷ್ಟೋ ಜನ ಫೀಡ್ ಅನ್ನೋದೇ ಹೋಯ್ತು ಅಂದ್ಕೊಂಡ್ರು. ಹೋಗಿಲ್ಲ. ವರ್ಡ್‌ಪ್ರೆಸ್ ಬ್ಲಾಗ್ ಇದ್ರೆ ವಿಳಾಸದ ಕೊನೆಗೆ ಸ್ಲ್ಯಾಶ್ ಹಾಕಿ ಇಂಗ್ಲಿಷಲ್ಲಿ ಫೀಡ್ ಅಂತ ಟೈಪ್ ಮಾಡಿ, ಸಾಮಾನ್ಯವಾಗಿ ಅಲ್ಲೇ ಸಿಗುತ್ತೆ.

ನಾನು ಫ್ರೆಶ್‌ಆರ್‌ಎಸ್‌ಎಸ್ ಅನ್ನೋ ರೀಡರ್ ಹಾಕ್ಕೊಂಡಿದೀನಿ. ಫ್ರೀ ಸಾಫ್ಟ್‌ವೇರು, ಪಿಎಚ್‌ಪಿ ಭಾಷೆಯ ಪ್ರೋಗ್ರಾಂ ಓಡೋ ಸಾದಾ ಹೋಸ್ಟಿಂಗ್ (ಸೈಟ್ ಇಡೋ ಜಾಗ) ಇದ್ರೆ ಸಾಕು, ಒಂದೇ ಫೈಲಲ್ಲಿ ಮಾಹಿತಿ ಇಡೋ ಎಸ್‌ಕ್ಯೂಲೈಟ್ ಆರಿಸ್ಕೊಂಡ್ರೆ ಬೇರೆ ಡೇಟಾಬೇಸ್ ಸರ್ವರ್ ಕೂಡ ಬೇಡ. ಮಿನಿಫ್ಲಕ್ಸ್ ಅಂತ ಇನ್ನೊಂದಿದೆ, ಚೊಕ್ಕವಾಗಿದೆ, ಆದ್ರೆ ಅದಕ್ಕೆ ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸರ್ವರ್ ಇರ್ಲೇಬೇಕು. ಇನ್‌ಸ್ಟಾಲ್ ಕಷ್ಟ ಇಲ್ಲ, ಎಲ್ರೂ ಎಡವೋದು ಕ್ರಾನ್ ಹತ್ರ, ಅಂದ್ರೆ ಹೇಳಿದ ಹೊತ್ತಿಗೆ ತಾನಾಗೇ ಕೆಲಸ ಓಡ್ಸೋ ವ್ಯವಸ್ಥೆ ಹತ್ರ. ನಾನೂ ಕ್ರಾನ್ ಸೆಟ್ ಮಾಡೋದು ಬಿಟ್ಟು ಒಂದು ವಾರ ಹೊಸದೇನೂ ಬಂದಿಲ್ಲ ಅಂತಾನೇ ನಂಬಿದ್ದೆ, ರಿಫ್ರೆಶ್ ಒತ್ತಿದಾಗ ಎಲ್ಲಾ ಒಟ್ಟಿಗೆ ಬಂತು. ಅರ್ಧ ಗಂಟೆಗೋ ಒಂದು ಗಂಟೆಗೋ ಒಂದ್ಸಲ ಓಡೋ ಹಾಗೆ ಇಡಿ, ದಯವಿಟ್ಟು ನಿಮಿಷಕ್ಕೊಂದ್ಸಲ ಬೇಡ. ಫೀಡ್ ಬದಲಾಗಿಲ್ಲ ಅಂದ್ರೆ ಸರ್ವರ್ ಬರೀ 304 ಅಂತ ಉತ್ತರ ಕೊಟ್ಟು ಕಳ್ಸೋ ವ್ಯವಸ್ಥೆ ಇದೆ ನಿಜ, ಆದ್ರೂ ಆ ಕಡೆ ಎಷ್ಟೋ ಜನ ಕೈಯಿಂದ ದುಡ್ಡು ಹಾಕಿ ಸೈಟ್ ನಡೆಸ್ತಿರ್ತಾರೆ, ಸುಮ್ನೆ ಅವರಿಗೆ ಹೊರೆ ಆಗ್ಬಾರ್ದು.

ಇದ್ರಿಂದ ಏನ್ ಸಿಗುತ್ತೆ ಅಂತ ಕೇಳ್ಬಹುದು. ಹಳೇ ರೇಡಿಯೋ ರಿಪೇರಿ ಬಗ್ಗೆ ಬರೆಯೋ ಒಬ್ಬರ ಬ್ಲಾಗ್ ನನ್ನ ಲಿಸ್ಟಲ್ಲಿದೆ, ಒಂದೂವರೆ ವರ್ಷ ಅದರಲ್ಲಿ ಒಂದಕ್ಷರ ಇರ್ಲಿಲ್ಲ. ಒಂದಿನ ಬೆಳಗ್ಗೆ ರೀಡರ್‌ನ ಎಡಗಡೆ ಅವರ ಬ್ಲಾಗ್ ಹೆಸರು ದಪ್ಪಕ್ಷರ ಆಗಿ ಪಕ್ಕದಲ್ಲಿ 1 ಅಂತ ಕಾಣಿಸ್ತು, ತೆಗೆದು ನೋಡಿದ್ರೆ ಸುಟ್ಟೋದ ಒಂದು ಟ್ರಾನ್ಸ್‌ಫಾರ್ಮರ್‌ಗೆ ಹೊಸದಾಗಿ ವೈಂಡಿಂಗ್ ಸುತ್ತಿದ್ದನ್ನ ಒಂದೊಂದು ಸುತ್ತಿನ ಲೆಕ್ಕದ ಸಮೇತ ಬರೆದಿದ್ರು, ನಿಂತಲ್ಲೇ ಪೂರ್ತಿ ಓದಿದೆ. ಇದನ್ನ ಯಾವ ಅಲ್ಗಾರಿದಮ್ ನನ್ನ ಮುಂದೆ ತಂದಿಡ್ತಿತ್ತು ಹೇಳಿ? ರೀಡರಲ್ಲಿ ಲೈಕ್ ಎಣಿಸೋರಿಲ್ಲ, ಯಾರು ಯಾವಾಗ ಬರೆದ್ರೋ ಅದೇ ಕ್ರಮದಲ್ಲಿ ಬರುತ್ತೆ, ಫೋನಲ್ಲಿ ಓದಿದ್ದು ಕಂಪ್ಯೂಟರಲ್ಲೂ ಓದಿದ್ದು ಅಂತಾನೇ ಇರುತ್ತೆ.

ಇನ್ನೊಂದು. ಸ್ವಂತ ಸರ್ವರ್ ಆಗ್ಲಿ, ಬೇರೆಯವರ ಸರ್ವೀಸ್ ಆಗ್ಲಿ, ತಿಂಗಳಿಗೊಂದ್ಸಲ ಲಿಸ್ಟನ್ನ ಓಪಿಎಂಎಲ್ ಫೈಲಾಗಿ (ಫೀಡ್ ವಿಳಾಸಗಳೆಲ್ಲಾ ಇರೋ ಒಂದು ಫೈಲು) ಇಳಿಸಿ ಇಟ್ಕೊಳ್ಳಿ. ಹಿಂದೆ ನಾನು ಬಳಸ್ತಿದ್ದ ಒಂದು ಸರ್ವೀಸ್ ನಿಂತಾಗ ಆ ಫೈಲ್ ಇರ್ಲಿಲ್ಲ, ನೆನಪಿಗೆ ಬಂದ ಬ್ಲಾಗ್‌ಗಳನ್ನಷ್ಟೇ ಮತ್ತೆ ಹುಡುಕಿ ಸೇರಿಸ್ದೆ, ಮಿಕ್ಕಿದ್ದು ಯಾವ್ಯಾವ್ದು ಅಂತ ಇವತ್ತಿಗೂ ಗೊತ್ತಿಲ್ಲ.

ಬ್ಲಾಗ್ ಬರೆಯೋರಿಗೆ ಒಂದು ಮಾತು: ಫೀಡಲ್ಲಿ ಎರಡು ಸಾಲು ಕೊಟ್ಟು ಮಿಕ್ಕಿದ್ದಕ್ಕೆ ಸೈಟಿಗೆ ಬನ್ನಿ ಅನ್ಬೇಡಿ, ವರ್ಡ್‌ಪ್ರೆಸ್‌ನ ರೀಡಿಂಗ್ ಸೆಟ್ಟಿಂಗಲ್ಲಿ ಫುಲ್ ಟೆಕ್ಸ್ಟ್ ಆರಿಸಿದ್ರೆ ಪೂರ್ತಿ ಬರಹ ಓದುಗರಿಗೆ ತಲುಪುತ್ತೆ. ಸಂಪಾದಕರೇ, ನಿಮ್ಮ ಪತ್ರಿಕೆ ವೆಬ್‌ಸೈಟಲ್ಲೂ ಸಂಪಾದಕೀಯಕ್ಕೆ, ಅಂಕಣಗಳಿಗೆ, ವಾಚಕರ ವಾಣಿಗೆ ಬೇರೆ ಬೇರೆ ಫೀಡ್ ಮಾಡಿ ಲಿಂಕನ್ನ ಕಣ್ಣಿಗೆ ಕಾಣೋ ಹಾಗೆ ಮೇಲ್ಗಡೆ ಹಾಕ್ಸಿ. ಹಾಕಿದ ದಿನಾನೇ ಮೂರನ್ನೂ ಸೇರಿಸ್ಕೋತೀನಿ.

ಇತಿ,
ನಿಮ್ಮ ಓದುಗ