ಸ್ಕಾಟ್ಲೆಂಡಿನ ಹಳ್ಳಿಮನೆಗಳ ಸುಣ್ಣದ ಹೊದಿಕೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಸ್ಕಾಟ್ಲೆಂಡಿನ ಹಳ್ಳಿಗಳನ್ನು ಕುರಿತ ಪ್ರವಾಸ ಲೇಖನವನ್ನು ಸಂತೋಷದಿಂದ ಓದಿದೆ. ಕೋಟೆ ಕೊತ್ತಲಗಳನ್ನು ಬಿಟ್ಟು ಸಾಮಾನ್ಯರ ಮನೆಗಳತ್ತ ಕಣ್ಣು ಹಾಯಿಸಿದ ಲೇಖಕರಿಗೆ ನಾನು ಕೃತಜ್ಞ. ಆದರೆ ಸುಣ್ಣ ಬಳಿದ ಮನೆಗಳು ಪ್ರವಾಸಿಗರಿಗಾಗಿ ಈಚೆಗೆ ಸಿಂಗರಿಸಿದವು, ಕಲ್ಲು ಕಾಣುವಂತೆ ಬಿಟ್ಟವೇ ಅಸಲಿ ಹಳೆಯ ಮನೆಗಳು ಎಂಬ ಅರ್ಥ ಬರುವ ಮಾತು ಅದರಲ್ಲಿದೆ. ಆರು ವರ್ಷಗಳಿಂದ ಫೈಫ್ ಸೀಮೆಯಲ್ಲಿ ನೆಲೆಸಿ, ಅಂಥದೇ ಒಂದು ಮನೆಯಲ್ಲಿ ಎರಡು ಚಳಿಗಾಲ ಕಳೆದ ನನಗೆ ಇದನ್ನು ತಿದ್ದದೆ ಇರಲಾಗಲಿಲ್ಲ. ವಸ್ತುಸ್ಥಿತಿ ಬಹುಮಟ್ಟಿಗೆ ಇದರ ತಿರುಗುಮುರುಗು.

ಸ್ಕಾಟ್ಲೆಂಡಿನ ತಗ್ಗು ಸೀಮೆಯಲ್ಲಿ 16, 17 ಮತ್ತು 18ನೇ ಶತಮಾನಗಳಲ್ಲಿ ಕಟ್ಟಿದ ಹಳ್ಳಿಮನೆಗಳ ಗೋಡೆಗೆ ಬಳಸಿದ್ದು ಬಹುಪಾಲು ಕಾಡುಗಲ್ಲು. ಬಾಗಿಲು, ಕಿಟಕಿ ಮತ್ತು ಮೂಲೆಗಳಿಗೆ ಮಾತ್ರ ಕೆತ್ತಿದ ಸೈಜುಗಲ್ಲು. ಗೋಡೆ ಎದ್ದ ಮೇಲೆ ಸುಣ್ಣ ಮತ್ತು ದಪ್ಪ ಮರಳಿನ ಗಾರೆಯನ್ನು ಕರಣೆಯಿಂದ ಬೀಸಿ ಎರಚುತ್ತಿದ್ದರು. ಇದಕ್ಕೆ ಅಲ್ಲಿನವರು ಹಾರ್ಲಿಂಗ್ ಎನ್ನುತ್ತಾರೆ. ಅದರ ಮೇಲೆ ತೆಳುವಾದ ಸುಣ್ಣದ ನೀರು, ಕೆಲವೆಡೆ ಹಳದಿ ಮಣ್ಣು ಬೆರೆಸಿ, ಪದರ ಪದರವಾಗಿ ಬಳಿಯುತ್ತಿದ್ದರು. ಲೇಖನದ ಜೊತೆಗೆ ಅಚ್ಚಾದ ಚಿತ್ರವನ್ನೇ ಹತ್ತಿರದಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ: ಕಿಟಕಿಯ ಸುತ್ತಲಿನ ಸೈಜುಗಲ್ಲಿನ ಪಟ್ಟಿ ಗೋಡೆಗಿಂತ ಒಂದಿಷ್ಟು ಮುಂದಕ್ಕೆ ಚಾಚಿಕೊಂಡಿದೆ. ಕಲ್ಲುಕುಟಿಗ ಸುಮ್ಮನೆ ಹಾಗೆ ಬಿಟ್ಟದ್ದಲ್ಲ. ಗಾರೆ ಬಂದು ಕೂರುವ ದಪ್ಪವನ್ನು ಲೆಕ್ಕ ಹಾಕಿ ಬಿಟ್ಟ ಜಾಗ ಅದು. ಗಾರೆಯನ್ನು ಕಿತ್ತು ಕಲ್ಲನ್ನು ಬಯಲಿಗೆ ತರುವ ಅಭಿರುಚಿ ಬೆಳೆದದ್ದು 19 ಮತ್ತು 20ನೇ ಶತಮಾನಗಳಲ್ಲಿ. 1999ರಲ್ಲಿ ಸ್ಟರ್ಲಿಂಗ್ ಕೋಟೆಯ ದೊಡ್ಡ ಸಭಾಂಗಣಕ್ಕೆ ಮತ್ತೆ ಹಳದಿ ಸುಣ್ಣ ಬಳಿದು ಮುಗಿಸಿದಾಗ ಬರಿಗಲ್ಲಿಗೆ ಒಗ್ಗಿಹೋಗಿದ್ದ ಜನ ಹೌಹಾರಿದರು. ಕಣ್ಣಿನ ರೂಢಿ ಅಷ್ಟು ಬಲವಾದದ್ದು.

ಈ ಹೊದಿಕೆ ಅಂದಕ್ಕಷ್ಟೇ ಇದ್ದುದಲ್ಲ ಎಂಬುದನ್ನು ನಾನು ಕಲಿತದ್ದು ನಾನಿದ್ದ ಬಾಡಿಗೆ ಮನೆಯಲ್ಲಿ. ಹಿಂದೆ ಯಾರೋ ಸುಣ್ಣದ ಗಾರೆ ತೆಗೆಸಿ ಸಿಮೆಂಟು ಮೆತ್ತಿಸಿದ್ದರು. ನವೆಂಬರ್ ಬಂತೆಂದರೆ ಹಾಸಿಗೆಯ ತಲೆಕಡೆಯ ಗೋಡೆ ಮುಟ್ಟಿದರೆ ಕೈಗೆ ಪಸೆ ಹತ್ತುತ್ತಿತ್ತು, ಮೊಣಕಾಲೆತ್ತರದವರೆಗೆ ಉಪ್ಪು ಹೂವಿನಂತೆ ಅರಳಿ ಉದುರುತ್ತಿತ್ತು. ರಿಪೇರಿಗೆ ಬಂದ ಗಾರೆಯವನು ಹೊರಗೋಡೆಯ ಸಿಮೆಂಟಿನ ಒಂದು ಬಿರುಕಿಗೆ ಉಳಿ ಕೊಟ್ಟು ಎಬ್ಬಿಸಿದ; ಅಂಗೈಯಗಲದ ಚಕ್ಕೆ ಕಳಚಿ ಬಂತು, ಅದರ ಹಿಂದಿನ ಮರಳುಗಲ್ಲು ನೆನೆದ ಬೆಲ್ಲದಂತೆ ಮೆತ್ತಗಾಗಿ ಬೆರಳಿಗೆ ಪುಡಿಯಾಗಿ ಅಂಟಿತು. ಸುಣ್ಣದ ಗಾರೆ ಮಳೆಯ ನೀರನ್ನು ಸ್ವಲ್ಪ ಹೀರಿಕೊಂಡು, ಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಸಿಮೆಂಟು ಗಡುಸಾದದ್ದು, ಸೀಳುತ್ತದೆ. ಸೀಳಿನಲ್ಲಿ ಇಳಿದ ನೀರಿಗೆ ಹೊರಗೆ ಬರಲು ದಾರಿಯಿಲ್ಲ. ಮೇಲೆ ಚಳಿಗೆ ಅದು ಹೆಪ್ಪುಗಟ್ಟಿತೆಂದರೆ ಕಲ್ಲಿನ ಮುಖವೇ ಸಿಡಿದು ಹೋಗುತ್ತದೆ. ಮುನ್ನೂರು ವರ್ಷ ನಿಂತ ಗೋಡೆಯನ್ನು ನಮ್ಮ ಕಾಲದ ಒಂದು ದುರಸ್ತಿ ಹೀಗೆ ಹಾಳು ಮಾಡುವುದನ್ನು ನೋಡುವುದು ಬಹಳ ಸಂಕಟದ ಸಂಗತಿ.

ಸರಿಯಾದ ರೀತಿಯಲ್ಲಿ ಉಳಿದ ಮನೆಗಳನ್ನು ನೋಡಬೇಕೆಂದರೆ ಫೋರ್ತ್ ಅಳಿವೆಯ ದಡದ ಕುಲ್ರಾಸ್‌ಗೆ ಹೋಗಬೇಕು. ಬರೆಯುವುದು ಕುಲ್ರಾಸ್ ಎಂದು, ಊರವರು ಕರೆಯುವುದು ಕೂರಸ್ ಎಂದು. ಈಗ ಹಳ್ಳಿಯಂತಿರುವ ಈ ಊರು ಒಂದು ಕಾಲಕ್ಕೆ ಕಲ್ಲಿದ್ದಲು ಮತ್ತು ಉಪ್ಪಿನ ವ್ಯಾಪಾರದಿಂದ ಕೊಬ್ಬಿದ ರೇವು. ಸಮುದ್ರದಡಿಯ ಗಣಿಯಿಂದ ಕಲ್ಲಿದ್ದಲು ತೆಗೆದ ಜಾರ್ಜ್ ಬ್ರೂಸ್ 1597ರಿಂದ 1611ರ ನಡುವೆ ಕಟ್ಟಿಸಿದ ಹಳದಿ ಮನೆಯನ್ನು ಅರಮನೆ ಎಂದು ಕರೆದರೂ ಅದು ವರ್ತಕನ ಮನೆಯೇ. ಸುತ್ತಲಿನ ಚಿಕ್ಕ ಮನೆಗಳ ಪಕ್ಕಗೋಡೆಗಳ ಅಂಚು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಇದಕ್ಕೆ ಕಾಗೆಮೆಟ್ಟಿಲು ಎಂದೇ ಅಲ್ಲಿ ಹೆಸರು. ಆ ಮೆಟ್ಟಿಲು ಮಾಡಿಗಿಂತ ತೀರ ಎತ್ತರಕ್ಕೆ ನಿಂತಿದ್ದರೆ ಆ ಮನೆಗೆ ಮೊದಲು ದಪ್ಪನೆಯ ಹುಲ್ಲಿನ ಹೊದಿಕೆ ಇತ್ತೆಂದು ಊಹಿಸಬಹುದು. ಈಗಿನ ಕೆಂಪು ಹಂಚು ಮಂಗಳೂರು ಹಂಚಿನಂತೆ ಚಪ್ಪಟೆಯಲ್ಲ, ಎಸ್ ಅಕ್ಷರದಂತೆ ಬಳುಕಿದ್ದು. ಡಚ್ಚರ ಕಡೆಯಿಂದ ಮರಳುವ ಹಡಗುಗಳು ಭಾರಕ್ಕಾಗಿ ಇಂಥ ಹಂಚನ್ನು ತುಂಬಿ ತಂದವೆಂದು ಹೇಳುವುದುಂಟು. ಹಲವು ಬಾಗಿಲುಗಳ ಮೇಲಿನ ಕಲ್ಲಿನಲ್ಲಿ ಇಸವಿಯೊಂದಿಗೆ ಗಂಡ ಹೆಂಡಿರ ಹೆಸರಿನ ಮೊದಲಕ್ಷರಗಳಿರುತ್ತವೆ. ಅಲ್ಲಿ ಹೆಂಡತಿಯದು ತವರಿನ ಹೆಸರಿನ ಅಕ್ಷರ, ಏಕೆಂದರೆ ಆ ಕಾಲದ ಸ್ಕಾಟ್ಲೆಂಡಿನಲ್ಲಿ ಮದುವೆಯಾದ ಹೆಣ್ಣು ತನ್ನ ಹುಟ್ಟುಹೆಸರನ್ನು ಬಿಡುತ್ತಿರಲಿಲ್ಲ.

ಎಲ್ಲ ಮನೆಗೂ ಗಾರೆ ಇತ್ತೆಂದು ನಾನು ಹೇಳುತ್ತಿಲ್ಲ. ಲೂಯಿಸ್ ದ್ವೀಪದ ಆರ್ನಲ್‌ನಲ್ಲಿ 1966ರವರೆಗೂ ಜನ ವಾಸವಿದ್ದ ಕಪ್ಪುಮನೆಗೆ ಗಾರೆಯಿಲ್ಲದ ಜೋಡಿ ಕಲ್ಲುಗೋಡೆ, ನಡುವೆ ಮಣ್ಣು ತುಂಬಿದ್ದು. ಚಿಮಣಿಯಿಲ್ಲದ ಹುಲ್ಲು ಮಾಡಿನಡಿ ಜನವೂ ದನವೂ ಒಟ್ಟಿಗೆ ಇದ್ದರು. ಅದರ ಕಟ್ಟೋಣದ ಲೆಕ್ಕವೇ ಬೇರೆ.

ಲೇಖನ ಬಿಟ್ಟ ಇನ್ನೊಂದು ಸಂಗತಿ, ಈ ಮನೆಗಳು ಉಳಿದ ಬಗೆ. ಹಳೆಯ ಕಟ್ಟಡಗಳನ್ನು ಕಾಪಾಡುವ, 1931ರಲ್ಲಿ ಹುಟ್ಟಿದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಎಂಬ ಸಂಸ್ಥೆ ಮರುವರ್ಷವೇ ಕುಲ್ರಾಸ್ ಅರಮನೆಯನ್ನು 700 ಪೌಂಡಿಗೆ ಕೊಂಡಿತು, ಬೀಳುತ್ತಿದ್ದ ಚಿಕ್ಕ ಮನೆಗಳನ್ನೂ ಕೊಳ್ಳತೊಡಗಿತು. 1960ರಲ್ಲಿ ಆರಂಭವಾದ ಚಿಕ್ಕ ಮನೆಗಳ ಯೋಜನೆಯ ಕ್ರಮ ಸರಳ: ಪಾಳು ಮನೆಯನ್ನು ಕೊಂಡು ದುರಸ್ತಿ ಮಾಡಿ, ರೂಪ ಕೆಡಿಸಬಾರದೆಂಬ ಕರಾರಿನೊಂದಿಗೆ ವಾಸಕ್ಕೆ ಮಾರುವುದು, ಬಂದ ಹಣದಿಂದ ಮುಂದಿನ ಮನೆ. ಪಿಟನ್‌ವೀಮ್, ಕ್ರೇಲ್ ಮುಂತಾದ ಮೀನುಗಾರರ ಊರುಗಳಲ್ಲೂ ಹೀಗೆ ಉಳಿದ ಮನೆಗಳಲ್ಲಿ ಈಗ ಜನರು ಅಡುಗೆ ಮಾಡಿ, ಬಟ್ಟೆ ಒಣಗಿಸಿ ಬಾಳುತ್ತಿದ್ದಾರೆ. ಅವು ಪ್ರವಾಸಿಗರಿಗಾಗಿ ನಿಲ್ಲಿಸಿದ ಬೊಂಬೆಮನೆಗಳಲ್ಲ.

ಲೇಖನ ಮಾಲೆಯಾಗಿ ಮುಂದುವರಿಯಲಿದೆಯೆಂದು ತಾವು ತಿಳಿಸಿದ್ದೀರಿ. ಮುಂದಿನ ಕಂತಿನಲ್ಲಿ ಕುಲ್ರಾಸ್‌ನ ಚಿತ್ರವನ್ನೂ ಸೇರಿಸಬೇಕೆಂದೂ, ಕಲ್ಲು ಬಯಲಾದ ಗೋಡೆಯ ಚಿತ್ರದ ಕೆಳಗೆ "ಮೂಲ ಸ್ವರೂಪದ ಮನೆ" ಎಂದು ಬರೆದಿದ್ದನ್ನು ತಿದ್ದಿ ಪ್ರಕಟಿಸಬೇಕೆಂದೂ ವಿನಂತಿಸುತ್ತೇನೆ.

ಇಂತಿ,
ತಮ್ಮ ಪತ್ರಿಕೆಯ ಓದುಗ,
ಫೈಫ್, ಸ್ಕಾಟ್ಲೆಂಡ್