ಆ ನಂಬರ್ ಮೇಲೆ ಕಣ್ಣಿಟ್ಟವರಿಗೆ

ನನ್ನ ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ದವಡೆಗೆ ಪ್ಲೇಟ್ ಹಾಕಿದ್ದಾರೆ, ಸದ್ಯಕ್ಕೆ ಗಂಜಿ ತಿಳಿ, ಬೊಂಡದ ನೀರೇ ಊಟ. ವಿಚಾರಿಸಿದ ಎಲ್ಲರಿಗೂ ಥ್ಯಾಂಕ್ಸ್. ಆದರೆ ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆಪರೇಶನ್ನಿಗೆ ಮತ್ತು ಬರಿಸುವ ಅನಸ್ತೇಶಿಯಾ ಡಾಕ್ಟರ್ ಮೇಡಂಗಾಗಿ. ಸ್ವೀಟ್ ಬಾಕ್ಸ್ ಯಾವಾಗಲೂ ಸರ್ಜನ್ ಕೈಗೇ ಹೋಗುತ್ತದೆ, ಅಲ್ವಾ?

ಮಂಗಳೂರಿನ ಪಂಪ್‌ವೆಲ್ ಹತ್ತಿರ ಬೈಕ್ ಸ್ಕಿಡ್ ಆಗಿ ಬಿದ್ದಿದ್ದ. ಆಪರೇಶನ್ ನಡೆಯುವಾಗ ಕ್ಯಾಪ್ನೋಗ್ರಾಫಿನ ನಂಬರ್ ಏರತೊಡಗಿತಂತೆ. ಬಿಟ್ಟ ಉಸಿರಿನಲ್ಲಿ ಎಷ್ಟು ಕಾರ್ಬನ್ ಡೈಆಕ್ಸೈಡ್ ಉಂಟು ಅಂತ ತೋರಿಸುವ ಮಾನಿಟರ್ ಅದು. 35ರಿಂದ 45ರೊಳಗೆ ಇರಬೇಕಾದದ್ದು, ವೆಂಟಿಲೇಟರ್ ಜಾಸ್ತಿ ಮಾಡಿದರೂ 60 ದಾಟಿತು. ಮೈ ಇನ್ನೂ ಬಿಸಿಯಾಗಿರಲಿಲ್ಲ. ಮೇಡಂ ಕಾಯಲಿಲ್ಲ. ಮಾಲಿಗ್ನೆಂಟ್ ಹೈಪರ್‌ಥರ್ಮಿಯಾ ಇರಬೇಕೆಂದು ಗ್ಯಾಸ್ ನಿಲ್ಲಿಸಿ, ಆಪರೇಶನ್ನನ್ನೂ ಅರ್ಧಕ್ಕೇ ನಿಲ್ಲಿಸಿದರು. ಅಂದರೆ, ಮತ್ತು ಬರಿಸುವ ಕೆಲವು ಗ್ಯಾಸ್, ಸಕ್ಸಿನೈಲ್‌ಕೋಲಿನ್ ಅನ್ನುವ ಇಂಜೆಕ್ಷನ್ ಕೆಲವರ ಮೈಗೆ ಆಗುವುದಿಲ್ಲ. ಸ್ನಾಯುಗಳಲ್ಲಿ ಕ್ಯಾಲ್ಸಿಯಂ ಹತೋಟಿ ತಪ್ಪಿ, ಮೈಯೆಲ್ಲ ಸೆಟೆದು, ಒಳಗಿಂದೊಳಗೇ ಕಾಯುತ್ತದೆ. ಬಹಳ ಅಪರೂಪ. ಬಂದರೆ ಮಾತ್ರ ನಿಮಿಷ ನಿಮಿಷಕ್ಕೂ ಲೆಕ್ಕ.

ಇದಕ್ಕೆ ಮದ್ದು ಡಾಂಟ್ರೋಲೀನ್. ಊರಿನ ಇನ್ನೊಂದು ಆಸ್ಪತ್ರೆಯಿಂದಲೂ ತರಿಸಿದರು. ಅದನ್ನು ಕಲಸುವುದೇ ಒಂದು ದೊಡ್ಡ ಕೆಲಸ ಮಾರಾಯ್ರೆ! ಒಂದು ಬಾಟಲಿಯಲ್ಲಿ 20 ಮಿಲಿಗ್ರಾಂ ಹಳದಿ ಪುಡಿ, ಅದಕ್ಕೆ 60 ಎಂಎಲ್ ನೀರು, ತಿಳಿಯಾಗುವವರೆಗೆ ಕುಲುಕಬೇಕು. 70 ಕೆಜಿ ಆಳಿಗೆ ಮೊದಲ ಡೋಸಿಗೇ ಒಂಬತ್ತು ಬಾಟಲಿ. ಸಿಸ್ಟರ್‌ಗಳು, ಓಟಿ ಹುಡುಗರು, ಕಲಿಯುವ ಮಕ್ಕಳು, ಕೈ ಖಾಲಿ ಇದ್ದವರೆಲ್ಲ ಸಾಲಾಗಿ ನಿಂತು ಕುಲುಕಿದರಂತೆ. ಮೈ ತಣಿಸಲಿಕ್ಕೆ ಕ್ಯಾಂಟೀನಿನವರು ಜ್ಯೂಸಿಗೆ ಇಟ್ಟಿದ್ದ ಐಸನ್ನೆಲ್ಲ ಕೊಟ್ಟುಬಿಟ್ಟರು. ಅವರ ಹೆಸರನ್ನೂ ನಾವು ಕೇಳಲಿಲ್ಲ.

ಐಸಿಯುನಲ್ಲಿ ಮೂತ್ರ ಕಪ್ಪು ಕಾಫಿ ಬಣ್ಣಕ್ಕೆ ತಿರುಗಿದಾಗ ಅಮ್ಮ ಕುಸಿದು ಕೂತರು. ಕಿಡ್ನಿ ಉಳಿಯಿತು. ಉಳಿದ ಕೆಲಸವನ್ನು ಆಮೇಲೆ ಗ್ಯಾಸ್ ಮುಟ್ಟದೆ, ಬರೀ ಇಂಜೆಕ್ಷನ್‌ನಲ್ಲಿ ಮತ್ತು ಬರಿಸಿ ಮುಗಿಸಿದರು.

ಮೇಡಂ ಹೇಳಿದ ಒಂದು ಸಂಗತಿ: 1960ರಲ್ಲಿ ಮೆಲ್ಬರ್ನ್‌ನ ಡಾಕ್ಟರುಗಳು ಇದನ್ನು ಮೊದಲು ವರದಿ ಮಾಡಿದ್ದು ಕಾಲು ಮುರಿದುಕೊಂಡ ಒಬ್ಬ ಯುವಕನಿಂದಾಗಿ. ಅವನಿಗೆ ಕಾಲಿನದ್ದಲ್ಲ, ಮತ್ತಿನದ್ದೇ ಹೆದರಿಕೆ. ಮನೆತನದ ಹತ್ತು ಜನ ಈಥರ್ ಕೊಟ್ಟಾಗ ಸತ್ತಿದ್ದರು. ಅದನ್ನು ಕೇಳಿ ನಾವು ಮುಖ ಮುಖ ನೋಡಿಕೊಂಡೆವು. ಅಜ್ಜಿಯ ತಮ್ಮ ಮುಂಬಯಿಯಲ್ಲಿ ಅಪೆಂಡಿಕ್ಸ್ ಆಪರೇಶನ್ ಟೇಬಲ್ ಮೇಲೇ ತೀರಿಕೊಂಡಿದ್ದರು. ಅದೇ ಕಾರಣವೋ, ಬೇರೆಯೋ.

ಇದು ರಕ್ತದಲ್ಲಿ ಬರುವಂಥದ್ದು. ತಂದೆ ಅಥವಾ ತಾಯಿಯಲ್ಲಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಅಮ್ಮನ ಕಡೆಯ ಎಲ್ಲರೂ, ಮಾವಂದಿರೇ, ಚಿಕ್ಕಮ್ಮಂದಿರೇ, ಹಲ್ಲಿನ ಆಪರೇಶನ್ ಆದರೂ ಸರಿ, ಮೊದಲೇ ಡಾಕ್ಟರಿಗೆ ಹೇಳಿ. ಮೇಡಂ ಬರೆದುಕೊಟ್ಟ ಕಾಗದದ ಫೋಟೋ ನನ್ನಲ್ಲಿದೆ, ಒಂದು ಮೆಸೇಜ್ ಹಾಕಿದರೆ ಕಳಿಸುತ್ತೇನೆ.