ಕೂಸು ಡಬ್ಬ ಬಿತ್ತು, ಇನ್ನು ದಿಂಬು ತೆಗೆಯಿರಿ

ಮಾನ್ಯ ಸಂಪಾದಕರೇ,

ನಾನು 31 ವರ್ಷ ಸರ್ಕಾರಿ ಬಸ್ ಓಡಿಸಿ ನಿವೃತ್ತನಾದವನು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ನೈಟ್ ಡ್ಯೂಟಿ. ರಾತ್ರಿ ಕಲಬುರಗಿ ಬಿಟ್ಟು, ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ, ಜೇವರ್ಗಿ, ಸಿಂದಗಿ, ವಿಜಯಪುರ ಹಿಡಿದು ಬೆಳಗಾಗುವಷ್ಟರಲ್ಲಿ ಹುಬ್ಬಳ್ಳಿ ಮುಟ್ಟುವ ಗಾಡಿ. ನಿದ್ದೆಗೆಡುವುದು ನನಗೆ ಹೊಸದಲ್ಲ. ಆದರೆ ಈ ಸಲ ಶರಣಬಸವೇಶ್ವರರ ಜಾತ್ರೆಯ ಹೊತ್ತಿಗೆ ನಾಲ್ಕೂವರೆ ತಿಂಗಳ ಮೊಮ್ಮಗಳು ನನ್ನನ್ನು ಎಚ್ಚರ ಇಟ್ಟಂತೆ ಆ ರಸ್ತೆ ಕೂಡ ಇಟ್ಟಿರಲಿಲ್ಲ.

ಮಗಳು ಬಾಣಂತನಕ್ಕೆ ಬಂದಿದ್ದಳು. ತೇರು ಎಳೆದ ಮಾರನೇ ದಿನ ಕೂಸು ಮೊದಲ ಸಲ ಮಗುಚಿಕೊಂಡಿತು. ನಮ್ಮ ಕಡೆ ಇದಕ್ಕೆ ಡಬ್ಬ ಬೀಳುವುದು ಅಂತಾರೆ. ನಮ್ಮ ಮನೆಯವರು ಹೋಳಿಗೆ ಮಾಡಿ ಓಣಿಗೆಲ್ಲ ಹಂಚಿದರು. ಅಂದು ರಾತ್ರಿಯಿಂದಲೇ ನಿದ್ದೆ ಕೆಟ್ಟಿತು. ಅಂಗಾತ ಮಲಗಿಸಿದರೆ ಅರ್ಧ ಗಂಟೆಗೆ ಬೋರಲು. ತಿರುಗಿ ಅಂಗಾತ ಆಗುವುದು ಗೊತ್ತಿಲ್ಲ. ತಲೆ ಎತ್ತಿ ಎತ್ತಿ ಸುಸ್ತಾಗಿ ಚೀರಾಟ.

ಆಕೆ ಹೊರಳಬಾರದು ಎಂದು ನಾವು ಕೋಟೆ ಕಟ್ಟಿದೆವು. ಎಡಕ್ಕೊಂದು ಲೋಡು, ಬಲಕ್ಕೊಂದು ಲೋಡು. ತಲೆ ದುಂಡಗಾಗಲಿ ಅಂತ ಹುಟ್ಟಿದಾಗಿನಿಂದ ಇಟ್ಟಿದ್ದ ಸಾಸಿವೆ ದಿಂಬು. ತಲೆಗೆ ಕುಂಚಿಗೆ, ಮೇಲೆ ಕೌದಿ. ಅಳಿಯ ಮೊಬೈಲ್‌ನಲ್ಲಿ ನೋಡಿ ಒಂದು ದಿಂಬು ತರಿಸಿದ್ದ. ಎರಡೂ ಬದಿ ಉಬ್ಬು, ನಡುವೆ ಕೂಸು. ಅದನ್ನೂ ಹಾಕಿದೆವು.

ಮೂರನೇ ರಾತ್ರಿ ಎರಡೂವರೆಗೆ ನೀರು ಕುಡಿಯಲು ಎದ್ದೆ. ಆ ಹೊತ್ತಿಗೆ ಎಚ್ಚರಾಗುವುದು ನನ್ನ ಹಳೇ ರೂಢಿ. ಮಗಳ ಕೋಣೆಯಿಂದ ಅಳು ಇಲ್ಲ. ಮೂಗು ಕಟ್ಟಿದವರು ಉಸಿರೆಳೆದ ಹಾಗೆ ಸಣ್ಣ ಸದ್ದು. ಹೋಗಿ ನೋಡಿದರೆ ಕೂಸು ಅರ್ಧ ಹೊರಳಿದೆ, ಮುಖ ಪೂರ್ತಿ ಲೋಡಿನಲ್ಲಿ ಹೂತಿದೆ, ಒಂದು ಕೈ ಕೌದಿಯಲ್ಲಿ ಸಿಕ್ಕಿಕೊಂಡಿದೆ. ಎತ್ತಿಕೊಂಡೆ. ಮುಖ ಕೆಂಪು, ಕುಂಚಿಗೆ ಬೆವರಿನಿಂದ ತೊಯ್ದಿತ್ತು. ಒಂದು ಕ್ಷಣ ಸುಮ್ಮನಿದ್ದು ಜೋರಾಗಿ ಅತ್ತಳು. ಅಷ್ಟು ದಿನ ಆ ಅಳು ನಿಲ್ಲಲಿ ಅಂತ ಬೇಡುತ್ತಿದ್ದವನು ಅಂದು ಅಳು ಕೇಳಿ ನೆಲದ ಮೇಲೆ ಕುಳಿತುಬಿಟ್ಟೆ. ಮಗಳು ಎಚ್ಚರಾಗಿ, "ಏನಾಯ್ತಪ್ಪಾ?" ಅಂದಳು. ಏನಿಲ್ಲ ಅಂದೆ. ಸುಳ್ಳು ಹೇಳಿದೆ.

ಬೆಳಿಗ್ಗೆ ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಬೈಯಲಿಲ್ಲ. "ಮುತ್ಯಾ, ಕೂಸಿನ ಹಾಸಿಗಿ ಮ್ಯಾಲೆ ಏನೇನ್ ಇಟ್ಟೀರಿ, ಹೇಳ್ರಿ" ಎಂದರು. ನಾನು ಪಂಚನಾಮೆ ಬರೆಸುವವನಂತೆ ಒಂದೊಂದೇ ಹೇಳಿದೆ. ಲೋಡು, ದಿಂಬು, ಉಬ್ಬು ದಿಂಬು, ಕೌದಿ, ಕುಂಚಿಗೆ, ಒಂದು ಬೊಂಬೆ, ಕೊರಳಲ್ಲಿ ಕಪ್ಪು ದಾರ. ಅವರು ನಕ್ಕು, "ಕೂಸೊಂದು ಬಿಟ್ಟು ಉಳಿದದ್ದೆಲ್ಲ ತೆಗೀರಿ" ಅಂದರು.

ಆಮೇಲೆ ಕಾರಣ ಬಿಡಿಸಿ ಹೇಳಿದರು. ಈ ವಯಸ್ಸಿನ ಕೂಸಿಗೆ ಹೊರಳುವಷ್ಟು ಶಕ್ತಿ ಇರುತ್ತದೆ, ಮೆತ್ತನೆಯದರಲ್ಲಿ ಮುಖ ಹೂತರೆ ಬಿಡಿಸಿಕೊಳ್ಳುವಷ್ಟು ಇರುವುದಿಲ್ಲ. ತಾನು ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಳ್ಳುತ್ತದೆ. ನಾವು ತಡೆ ಅಂದುಕೊಂಡು ಇಟ್ಟದ್ದೇ ಅಪಾಯ. ಬಟ್ಟೆಯಲ್ಲಿ ಕೈ ಸೇರಿಸಿ ಸುತ್ತಿ ಕಟ್ಟುವುದನ್ನೂ ಕೂಸು ಹೊರಳಲು ನೋಡಿದ ದಿನವೇ ಬಿಡಬೇಕಂತೆ. ಕೈ ಕಟ್ಟಿದ ಕೂಸು ಬೋರಲು ಬಿದ್ದರೆ ನೆಲಕ್ಕೆ ಕೈ ಊರಿ ಮುಖ ಎತ್ತುವುದು ಹೇಗೆ? ಇನ್ನು ಅಳಿಯನ ಉಬ್ಬು ದಿಂಬು. ಇಂಥವನ್ನು ಕೂಸಿನ ಹಾಸಿಗೆಯಲ್ಲಿ ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೇ ಎಚ್ಚರಿಸಿದೆ. ನಮ್ಮಲ್ಲಿ ಅದು ಮನೆ ಬಾಗಿಲಿಗೆ ಬರುತ್ತದೆ, ಮೇಲೆ ನಗುವ ಕೂಸಿನ ಚಿತ್ರ ಬೇರೆ.

ಮನೆಯಲ್ಲಿ ಜಗಳ ಆಯಿತು. ಆಗದೆ ಇರುತ್ತದೆಯೇ? "ನಾಕ್ ಮಕ್ಕಳನ್ನ ಹಿಂಗೇ ಬೆಳೆಸೀನಿ, ಏನಾಗ್ಯದ?" ಎಂದಳು ಹೆಂಡತಿ. "31 ವರ್ಷ ನಾ ಆಕ್ಸಿಡೆಂಟ್ ಮಾಡಿಲ್ಲ. ಹಂಗಂತ ಬ್ರೇಕ್ ಇಲ್ಲದ ಗಾಡಿ ಓಡಿಸ್ಲ್ಯಾ?" ಎಂದೆ. ಒಂದು ದಿನ ಮಾತಾಡಲಿಲ್ಲ. ಎರಡನೇ ದಿನ ತಾನೇ ಲೋಡುಗಳನ್ನು ಅಟ್ಟಕ್ಕೆ ಹಾಕಿಸಿದಳು.

ಮಂಚ ಬಿಟ್ಟು ನೆಲಕ್ಕಿಳಿದೆವು. ನಮ್ಮದು ಹಳೇ ಮನೆ, ಶಹಾಬಾದ್ ಫರಸಿ ಹಾಸಿದ ನೆಲ. ಹಳೇ ಗಾದಿ ನಡುವೆ ಕುಸಿದು ಗುಂಡಿ ಬಿದ್ದಿತ್ತು. ಕೂಸಿಗೆಂದೇ ಬೇರೆ ಚಿಕ್ಕ ಗಾದಿ, ತೆಳ್ಳಗೆ, ಬಿಗಿಯಾಗಿ ಹೊಲಿಸಿದೆ. ಮುಷ್ಟಿ ಒತ್ತಿದರೆ ಕುಳಿ ಬೀಳಬಾರದು, ಅದು ಅಳತೆ. ಮೇಲೆ ಒಂದು ಹತ್ತಿಯ ಬಟ್ಟೆ, ಅಂಚುಗಳನ್ನು ಗಾದಿಯ ಕೆಳಗೆ ಮಡಿಚಿ ಬಿಗಿ ಮಾಡಿದ್ದು. ಅಷ್ಟೇ. ಪಕ್ಕದಲ್ಲಿ ಮಗಳ ಗಾದಿ. ಒಂದೇ ಕೋಣೆ, ಬೇರೆ ಹಾಸಿಗೆ. ಗೂಡಿನಂತೆ ಮುಚ್ಚುವ ಚಿಕ್ಕ ಸೊಳ್ಳೆ ಪರದೆ ಇತ್ತು, ಹೊರಳಿ ಹೋಗಿ ಅದಕ್ಕೆ ಮುಖ ಒತ್ತುತ್ತಿದ್ದಳು. ಅದನ್ನು ತೆಗೆದು ಇಬ್ಬರಿಗೂ ಸೇರಿ ದೊಡ್ಡ ಪರದೆ ಬಿಗಿಯಾಗಿ ಕಟ್ಟಿದೆ.

ಸೆಕೆಯ ವಿಚಾರ ನಮ್ಮೂರಿನವರಿಗೆ ಹೇಳಬೇಕಿಲ್ಲ. ಆದರೂ ಕೂಸಿಗೆ ಮಾತ್ರ ಕುಂಚಿಗೆ, ಕೌದಿ! ಕೂಸಿನ ಮೈಯ ಬಿಸಿ ತಲೆಯಿಂದ ಹೊರಹೋಗುತ್ತದೆ, ಮಲಗುವಾಗ ತಲೆ ಮುಚ್ಚಬೇಡಿ ಎಂದರು ಡಾಕ್ಟರ್. ಈಗ ಒಂದು ತೆಳ್ಳನೆ ಜಬಲಾ. ಹಿಂಗತ್ತು ಮುಟ್ಟಿ ನೋಡುತ್ತೇನೆ. ಅಲ್ಲಿ ಬೆವರಿದ್ದರೆ ಜಾಸ್ತಿ ಆಯಿತು ಅಂತ. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ. ಕೂಲರ್ ಗಾಳಿ ನೇರ ಮುಖಕ್ಕೆ ಬಡಿಯದ ಹಾಗೆ ಗೋಡೆ ಕಡೆ ತಿರುಗಿಸಿದ್ದೇವೆ.

ಕಷ್ಟ ಆಗಿದ್ದು ಜೋಲಿ ಬಿಡುವುದು. ಪಡಸಾಲೆಯ ಜಂತೆಗೆ ಒಂದು ಕಬ್ಬಿಣದ ಕೊಂಡಿ ಇದೆ. ನನ್ನ ಅವ್ವ ಅದರಲ್ಲಿ ಸೀರೆ ಕಟ್ಟಿ ನನ್ನನ್ನು ತೂಗಿದ್ದಳು. ನನ್ನ ನಾಲ್ಕೂ ಮಕ್ಕಳು ಅದರಲ್ಲೇ ಮಲಗಿದವರು. ಈ ಮಗಳಿಗೆ ಕಟ್ಟಿದ್ದ ಇಳಕಲ್ ಸೀರೆಯಲ್ಲೇ ಮೊಮ್ಮಗಳನ್ನೂ ಹಾಕಿದ್ದೆವು. ಆದರೆ ಸೀರೆ ಜೋತು ಬೀಳುತ್ತದೆ, ಕೂಸಿನ ಗದ್ದ ಎದೆಗೆ ಒತ್ತಿ ಉಸಿರಿನ ದಾರಿ ಕಿರಿದಾಗುತ್ತದೆ. ಹೊರಳುವ ಕೂಸಾದರೆ ಮುಖ ಸೀರೆಗೇ ಅಂಟುತ್ತದೆ. ಇದನ್ನು ಕೇಳಿದ ಮೇಲೂ ಕೊಂಡಿ ಕೀಳಲು ಮನಸ್ಸಾಗಲಿಲ್ಲ. ರಂಪ ಮಾಡಿದಾಗ ನಾನು ಎದುರು ಕುಳಿತು ಸ್ವಲ್ಪ ತೂಗುತ್ತೇನೆ. ಕಣ್ಣು ಎಳೆಯಲು ಶುರುವಾದರೆ ಎತ್ತಿ ಗಾದಿಗೆ. ಜೋಲಿಯಲ್ಲಿ ಬಿಟ್ಟು ಒಲೆ ಕಡೆ ಹೋಗುವುದು ಈಗ ನಮ್ಮ ಮನೆಯಲ್ಲಿ ಬಂದ್.

ದಿಂಬು ತೆಗೆದ ಕೂಡಲೇ ನಿದ್ದೆ ಬಂತೇ? ಇಲ್ಲ. ಮೊದಲ ರಾತ್ರಿ ಒಂಬತ್ತು ಸಲ ಎದ್ದಳು. ಒಂಬತ್ತು ಸಲವೂ ತಿರುಗಿಸಿ ಅಂಗಾತ ಹಾಕಿದೆವು. ನಾಲ್ಕೈದನೇ ಸಲಕ್ಕೆ ಆಕೆಗೆ ಅದು ಆಟ ಆಯಿತು. ನಾವು ತಿರುಗಿಸುವುದು, ಆಕೆ ನಗುತ್ತಾ ಮತ್ತೆ ಬೋರಲು. ರಾತ್ರಿ ಮೂರಕ್ಕೆ!

ಇದಕ್ಕೆ ಡಾಕ್ಟರ್ ಹೇಳಿದ ಉಪಾಯ ರಾತ್ರಿಯದಲ್ಲ, ಹಗಲಿನದು. ಕೂಸಿಗೆ ಒಂದು ಕಡೆ ತಿರುವು ಗೊತ್ತು, ವಾಪಸ್ ತಿರುವು ಗೊತ್ತಿಲ್ಲ. ಅದನ್ನು ಹಗಲಲ್ಲಿ ಕಲಿಸಿ ಎಂದರು. ರಿವರ್ಸ್ ಗೇರ್ ಇಲ್ಲದ ಗಾಡಿ ಸಂದಿಯಲ್ಲಿ ಸಿಕ್ಕಿಬಿದ್ದ ಹಾಗೆ ಅಲ್ವಾ? ಇದು ನನಗೆ ಚೆನ್ನಾಗಿ ಅರ್ಥವಾಯಿತು. ನಿವೃತ್ತನಾದವನಿಗೆ ಬೇರೆ ಕೆಲಸ ಏನಿದೆ. ನಿದ್ದೆಯಿಂದ ಎದ್ದಾಗ, ಡೈಪರ್ ಬದಲಿಸಿದ ಮೇಲೆ, ಚಾಪೆ ಹಾಸಿ ಬೋರಲು ಬಿಡುವುದು. ಹಾಲು ಕುಡಿದ ತಕ್ಷಣ ಬೇಡ, ಕಕ್ಕುತ್ತದೆ. ನಾನೂ ಎದುರಿಗೆ ಬೋರಲು ಮಲಗುವುದು, ಸ್ಟೀಲ್ ಲೋಟವನ್ನು ಬಳೆಯಿಂದ ಬಾರಿಸುವುದು. ಲೋಟವನ್ನು ಮೆಲ್ಲಗೆ ಪಕ್ಕಕ್ಕೆ, ಆಮೇಲೆ ಮೇಲಕ್ಕೆ ಸರಿಸಿದರೆ ತಲೆ ಅದರ ಹಿಂದೆ ಬರುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಸೊಂಟ. ಸೊಂಟಕ್ಕೆ ಎರಡು ಬೆರಳು ತಾಗಿಸಿದರೆ ಸಾಕು, ಉಳಿದದ್ದು ಆಕೆಯದೇ. ಐದೈದು ನಿಮಿಷ, ದಿನಕ್ಕೆ ಐದಾರು ಸಲ. ಬೇಜಾರು ಮಾಡಿಕೊಂಡರೆ ಎತ್ತಿಕೊಳ್ಳುವುದು. ನನ್ನ ಸೊಂಟ ಹಿಡಿದುಕೊಂಡಿದ್ದು ಬೇರೆ ಮಾತು.

ಎರಡನೇ ಮಾತು: ಸಣ್ಣ ಕೊಸರಾಟಕ್ಕೆಲ್ಲ ಓಡಬೇಡಿ. ಒಂದೆರಡು ನಿಮಿಷ ನೋಡಿ. ಎಷ್ಟೋ ಸಲ ಕಣ್ಣು ಮುಚ್ಚಿಕೊಂಡೇ ಕೊಸರಾಡಿ ಮತ್ತೆ ಮಲಗುತ್ತಾಳೆ, ನಾವೇ ಎತ್ತಿ ಎಬ್ಬಿಸುತ್ತಿದ್ದೆವು. ನಿಜವಾಗಿ ಅತ್ತರೆ ಹೋಗಬೇಕು, ಲೈಟ್ ಹಾಕದೆ, ಮಾತಾಡದೆ, ತಿರುಗಿಸಿ, ಮೆಲ್ಲಗೆ ತಟ್ಟಿ ಬರಬೇಕು.

ಮಲಗಿಸುವುದು ಯಾವಾಗಲೂ ಅಂಗಾತ, ವರ್ಷ ತುಂಬುವವರೆಗೆ. ಆದರೆ ಎರಡೂ ಕಡೆ ತಾನಾಗಿ ಹೊರಳುವುದು ಬಂದ ಮೇಲೆ, ನಿದ್ದೆಯಲ್ಲಿ ಬೋರಲಾದರೆ ತಿರುಗಿಸುತ್ತ ಕೂರಬೇಕಿಲ್ಲ. ಹಾಸಿಗೆ ಮಾತ್ರ ಗಟ್ಟಿ ಇರಬೇಕು, ಖಾಲಿ ಇರಬೇಕು. ಅಮೆರಿಕದಲ್ಲಿ 1994ರಲ್ಲಿ 'ಕೂಸನ್ನು ಅಂಗಾತ ಮಲಗಿಸಿ' ಎಂದು ದೊಡ್ಡ ಪ್ರಚಾರ ನಡೆಯಿತಂತೆ. ಮುಂದಿನ ವರ್ಷಗಳಲ್ಲಿ ನಿದ್ದೆಯಲ್ಲೇ ಇದ್ದಕ್ಕಿದ್ದಂತೆ ಸಾಯುವ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕೆ ಇಳಿಯಿತು ಎಂದು ಮಗಳು ಓದಿ ಹೇಳಿದಳು. ಅದೇನು ಔಷಧವಲ್ಲ, ಲಸಿಕೆಯಲ್ಲ. ಮಲಗಿಸುವ ಭಂಗಿ.

ನಮ್ಮ ಕೂಸಿಗೆ ವಾಪಸ್ ತಿರುಗುವುದು ಬರಲು 11 ದಿನ ಹಿಡಿಯಿತು. ಆಮೇಲೆ ಎರಡು ಸಲ ಏಳುತ್ತಾಳೆ, ಹಾಲಿಗೆ.

ಈ ಪತ್ರ ಬರೆಯುವುದಕ್ಕೆ ಕಾರಣ ಮುಂದಿದೆ. ಸರ್ಕಾರದ ಪಟ್ಟಿಯಲ್ಲಿ ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆ. ಅದಾದ ಮೇಲೆ ಒಂಬತ್ತು ತಿಂಗಳಿಗೆ. ಕೂಸು ಹೊರಳುವುದು ನಾಲ್ಕರಿಂದ ಆರು ತಿಂಗಳೊಳಗೆ, ಸರಿಯಾಗಿ ಈ ಸಂದಿನಲ್ಲಿ. ಆಶಾ ಕಾರ್ಯಕರ್ತೆಯರು ಮೂರನೇ ತಿಂಗಳಿಗೆ ಒಮ್ಮೆ, ಆರನೇ ತಿಂಗಳಿಗೆ ಒಮ್ಮೆ ಮನೆಗೆ ಬರುವ ಕ್ರಮ ಇದೆ. ಅಲ್ಲೂ ಅದೇ ಸಂದು. ಹದಿನಾಲ್ಕು ವಾರದ ಸೂಜಿಗೆ ಮಗಳ ಜೊತೆ ನಾನೇ ಹೋಗಿದ್ದೆ. ಜ್ವರ ಬಂದರೆ ಏನು ಮಾಡಬೇಕು ಎಂದು ಹೇಳಿದರು, ಎದೆಹಾಲು ಬಿಡಬೇಡಿ ಎಂದರು. ಒಳ್ಳೆಯದೇ. 'ಕೂಸು ಹೊರಳಲು ಶುರು ಮಾಡಿದರೆ ದಿಂಬು, ಕೌದಿ ತೆಗೆಯಿರಿ, ಸುತ್ತಿ ಕಟ್ಟಬೇಡಿ, ಹಗಲು ಬೋರಲು ಆಡಿಸಿ' ಎಂಬ ಮಾತನ್ನು ಅಂದೇ ಸೇರಿಸಿದರೆ ಅರ್ಧ ನಿಮಿಷವೂ ಹಿಡಿಯದು. ಅದೇ ಮಾತನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ತಾಯಿ ಕಾರ್ಡಿಗೆ ಅಂಟಿಸಬಹುದು. ಕನ್ನಡದಲ್ಲೊಂದು, ಉರ್ದುವಿನಲ್ಲೊಂದು. ಓದು ಬಾರದವರಿಗೆ ಚಿತ್ರ. ಆಶಾ ಕಾರ್ಯಕರ್ತೆಯರ ತಲೆ ಮೇಲೆ ಮತ್ತೊಂದು ಹೊರೆ ಹಾಕಿ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಸಿಗುವ ದುಡ್ಡಿಗೆ ಈಗಿನ ಕೆಲಸವೇ ಜಾಸ್ತಿ.

ಇನ್ನೊಂದು ಕೋರಿಕೆ. ಇದನ್ನು ಬರೀ ತಾಯಂದಿರಿಗೆ ಹೇಳಬೇಡಿ. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನಲ್ಲಿ. ಹಾಸಿಗೆ ಹಾಸುವವಳು ಆಯಿ, ದಿಂಬು ಇಡುವವಳು ಆಯಿ, ಕೊಂಡಿಗೆ ಸೀರೆ ಕಟ್ಟುವವನು ಮುತ್ಯಾ. ಇಪ್ಪತ್ಮೂರು ವರ್ಷದ ಹುಡುಗಿ ಆಸ್ಪತ್ರೆಯಿಂದ ಏನು ಕಲಿತು ಬಂದರೂ ನಮ್ಮೆದುರು ಆಕೆಯ ಮಾತು ನಡೆಯುವುದಿಲ್ಲ. ಉಬ್ಬು ದಿಂಬು ಬೇಡ ಅಂತ ನಮ್ಮ ಮಗಳು ಮೊದಲನೇ ದಿನವೇ ಅಂದಿದ್ದಳು. "ಸುಮ್ನಿರವ್ವಾ, ನಿನಗೇನ್ ತಿಳೀತದ" ಎಂದವನು ನಾನೇ. ಸೂಜಿಯ ಸಾಲಿನಲ್ಲಿ ಹೊರಗಿನ ಕಟ್ಟೆ ಮೇಲೆ ಕೂತಿರುತ್ತೇವಲ್ಲ, ನಮ್ಮನ್ನು ಒಳಗೆ ಕರೆಯಿರಿ. ಕರೆದು ನಮಗೆ ಹೇಳಿ.

ಈಗ ಆಕೆಗೆ ಆರು ತಿಂಗಳು. ಮೊಣಕಾಲು ಮಡಿಚಿ, ಕುಂಡಿ ಮೇಲೆತ್ತಿ, ಕೆನ್ನೆ ಗಾದಿಗೆ ಒತ್ತಿ ಮಲಗುತ್ತಾಳೆ. ಎರಡೂವರೆಗೆ ನನಗೆ ಈಗಲೂ ಎಚ್ಚರಾಗುತ್ತದೆ. ಹೋಗಿ ಪರದೆಯ ಹೊರಗೆ ನಿಂತು ಬೆನ್ನು ಏರಿ ಇಳಿಯುವುದನ್ನು ನೋಡುತ್ತೇನೆ, ನೀರು ಕುಡಿಯುತ್ತೇನೆ, ಬಂದು ಮಲಗುತ್ತೇನೆ.

ಇಂತಿ ನಿಮ್ಮ ಓದುಗ,
ಒಬ್ಬ ನಿವೃತ್ತ ಬಸ್ ಚಾಲಕ
ಬ್ರಹ್ಮಪುರ, ಕಲಬುರಗಿ